ಬಾಗಿಲು ತೆರೆದಿಟ್ಟವರಿಗೇ ಪೆಟ್ಟು

ಸಂಪಾದಕರೇ,

ರಾಜಕಾರಣಿ ಮೇಲೆ ಹಲ್ಲೆ ಆಯ್ತು ಅಂದರೆ ಸಾಕು, ‘ಆಗ್ಬೇಕಿತ್ತು ಬಿಡಿ’ ಎನ್ನುವವರೇ ಜಾಸ್ತಿ. ಸಿಟ್ಟು ನನಗೂ ಇದೆ. ಆದರೆ ಪೆಟ್ಟು ತಿನ್ನುವವರು ಯಾರು ಅಂತ ನೋಡಿ. ಬ್ರಿಟನ್ನಿನ ಸಂಸದೆ ಜೋ ಕಾಕ್ಸ್ ಅವರನ್ನು 2016ರ ಜೂನ್‌ನಲ್ಲಿ ಕೊಂದಿದ್ದು ಬರ್ಸ್ಟಾಲ್ ಎಂಬ ಊರಿನ ಲೈಬ್ರರಿ ಎದುರು, ಅವರು ಕ್ಷೇತ್ರದ ಜನರ ದೂರು ಕೇಳಲು ಬರುತ್ತಿದ್ದಾಗ. 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಇನ್ನೊಬ್ಬ ಸಂಸದ ಡೇವಿಡ್ ಏಮಸ್ ಅವರನ್ನು ಚರ್ಚ್ ಹಾಲ್‌ನಲ್ಲೇ ಇರಿದು ಕೊಂದವನು ಭೇಟಿಗೆ ಮೊದಲೇ ಸಮಯ ಕೇಳಿಕೊಂಡು ಬಂದಿದ್ದ. ದೆಹಲಿ ಮುಖ್ಯಮಂತ್ರಿ ರೇಖಾ ಗುಪ್ತಾ ಅವರ ಮೇಲೆ 2025ರ ಆಗಸ್ಟ್‌ನಲ್ಲಿ ಹಲ್ಲೆ ನಡೆದಿದ್ದೂ ಜನರ ಅಹವಾಲು ಕೇಳುವಾಗಲೇ. ಐದು ವರ್ಷ ಮುಖ ತೋರಿಸದವರು ಆರಾಮಾಗಿದ್ದಾರೆ, ಅಲ್ವಾ?

ಹಾಗಂತ ಎಲ್ಲರ ಸುತ್ತ ಗನ್‌ಮ್ಯಾನ್ ನಿಲ್ಲಿಸಿದರೆ, ಪಿಂಚಣಿ ಬಂದಿಲ್ಲ ಅಂತ ಹೇಳೋಕೆ ಬಂದ ಅಜ್ಜಿ ಗೇಟಿನಲ್ಲೇ ಉಳಿಯುತ್ತಾಳೆ. (ನಮ್ಮಲ್ಲಿ ಗನ್‌ಮ್ಯಾನ್ ಇಟ್ಟುಕೊಳ್ಳುವುದೇ ದೊಡ್ಡಸ್ತಿಕೆ, ಅದು ಬೇರೆ ಮಾತು.) ಕಾಕ್ಸ್ ಹತ್ಯೆಯ ನಂತರ ಬ್ರಿಟನ್ನಿನಲ್ಲಿ ಸಂಸದರ ಮನೆ, ಕಚೇರಿಗಳ ಭದ್ರತೆ ಹೆಚ್ಚಿಸಿದರು. ಇಲ್ಲಿ ಜನಸ್ಪಂದನ ಸಭೆಗಳಲ್ಲಿ ಕನಿಷ್ಠ ಬ್ಯಾಗ್ ತಪಾಸಣೆಯನ್ನಾದರೂ ಸರಿಯಾಗಿ ಮಾಡಲಿ. ಫೇಸ್‌ಬುಕ್‌ನಲ್ಲಿ ‘ಕೊಲ್ತೀನಿ’ ಅಂತ ಬರೆಯುವವರು ಯಾವ ಪಕ್ಷದ ಅಭಿಮಾನಿಯೇ ಆಗಿರಲಿ, ಪೊಲೀಸರು ತಕ್ಷಣ ಕೇಸು ಹಾಕಲಿ.

– ಒಬ್ಬ ಓದುಗ, ಮೈಸೂರು