ಸುಸ್ತು ಅಂದವರಿಗೆ ಬಾಟಲಿ ಏರಿಸುವ ಮೊದಲು ರಕ್ತ ನೋಡಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಯಾವ ಹಳ್ಳಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಬಾಳ ಸುಸ್ತಾಗಿತ್ತು, ಗ್ಲೂಕೋಸ್ ಹಾಕಿಸಿಕೊಂಡು ಬಂದೆ." ಸುಸ್ತು ಯಾಕಾಯಿತು ಅಂತ ಮಾತ್ರ ಎಷ್ಟೋ ಸಲ ಯಾರೂ ನೋಡಿರುವುದಿಲ್ಲ.

ರಕ್ತ ಕಮ್ಮಿ ಇರುವವರಿಗೆ ಆ ಬಾಟಲಿಯಿಂದ ರಕ್ತ ಏರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಆಶಾ ಕಾರ್ಯಕರ್ತೆಯರು ಕಬ್ಬಿಣದ ಮಾತ್ರೆ ಕೊಡುತ್ತಾರೆ, ನಿಜ. ಆದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಅಂತ ಮೊದಲೇ ಹೇಳದಿದ್ದರೆ ಹೆಂಗಸರು ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ, ಚಹಾ ಜೊತೆ ನುಂಗಿದರೆ ಮೈಗೆ ಹತ್ತುವುದೂ ಕಮ್ಮಿ. ಇನ್ನು ತಲಸ್ಸೇಮಿಯಾ (ಅಪ್ಪ-ಅಮ್ಮನಿಂದ ಬರುವ ರಕ್ತದ ತೊಂದರೆ) ಅಂಶ ಇದ್ದು ಕಬ್ಬಿಣದ ಕೊರತೆ ಇಲ್ಲದವರಿಗೆ ಎಷ್ಟು ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ ಏರುವುದಿಲ್ಲ. ಅದಕ್ಕೇ ಪೂರ್ತಿ ರಕ್ತಪರೀಕ್ಷೆ ಬೇಕು ಅನ್ನುವುದು.

ನನಗೆ ಜಾಸ್ತಿ ಭಯ ಇರುವುದು ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನ ಅಂಶದ ಬಗ್ಗೆ. ರಕ್ತದಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಬಿಪಿಗೆ ಅಂತ ಮೂತ್ರ ಹೋಗಿಸುವ ಮಾತ್ರೆ ನುಂಗುವ ಅಜ್ಜ-ಅಜ್ಜಿಯರಲ್ಲಿ, ವಾಂತಿ-ಭೇದಿ ಆದವರಲ್ಲಿ, ದಿನವಿಡೀ ಬಿಸಿಲಲ್ಲಿ ದುಡಿದು ಬೆವರು ಸುರಿಸಿ ಬರೀ ನೀರನ್ನೇ ವಿಪರೀತ ಕುಡಿದವರಲ್ಲಿ ಅದು ಇಳಿಯಬಹುದು. ಹಾಗೆ ಇಳಿದಾಗ ಮಾತು ತಡವರಿಸಬಹುದು, ಮನೆಯವರದೇ ಗುರುತು ಸಿಗದೇ ಹೋಗಬಹುದು. ವಯಸ್ಸಾಯಿತು, ಅರಳುಮರಳು ಅಂದುಕೊಂಡು ಸುಮ್ಮನಾಗುತ್ತಾರೆ. ತೀರಾ ಇಳಿದರೆ ಫಿಟ್ಸ್ ಬರಬಹುದು. ಇಂಥವರಿಗೆ ಸುಮ್ನೆ ಗ್ಲೂಕೋಸ್ ಏರಿಸಿದರೆ ಸಕ್ಕರೆಯನ್ನು ದೇಹ ಬಳಸಿಕೊಂಡು ನೀರಷ್ಟೇ ಉಳಿಯುತ್ತದೆ, ಸೋಡಿಯಂ ಇನ್ನೂ ಕೆಳಗೆ ಹೋಗಬಹುದು. ಗಡಿಬಿಡಿಯಲ್ಲಿ ಸೋಡಿಯಂ ಮಟ್ಟವನ್ನು ತೀರಾ ಬೇಗ ಏರಿಸಿದರೂ ಮೆದುಳಿಗೆ ಪೆಟ್ಟಾಗಬಹುದು. ಅಂದಾಜಿನ ಮೇಲೆ ಮಾಡುವ ಚಿಕಿತ್ಸೆ ಅಲ್ಲ ಇದು.

ಪೊಟ್ಯಾಸಿಯಂ ಕಥೆಯೂ ಹಾಗೇ. ಕಿಡ್ನಿ ಕೆಟ್ಟವರಿಗೆ ಒಳ್ಳೆಯದಾಗಲಿ ಅಂತ ಎಳನೀರು ಕುಡಿಸುತ್ತಾರೆ, ಅದರಲ್ಲಿರುವ ಪೊಟ್ಯಾಸಿಯಂ ಅವರ ಮೈಯಲ್ಲೇ ಉಳಿದು ಹೃದಯದ ಬಡಿತ ತಪ್ಪಬಹುದು. ಇದನ್ನು ಮನೆಯವರಿಗೆ ಆಸ್ಪತ್ರೆಯವರು ಹೇಳಬೇಕು ಅಲ್ವಾ?

ಹಾಗಾಗಿ ಕೇಳುತ್ತಿದ್ದೇನೆ. ತಾಲೂಕು ಆಸ್ಪತ್ರೆಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ರಾತ್ರಿಯೂ ಆಗಬೇಕು. ಬರೀ ಮಷೀನ್ ಕೊಟ್ಟರೆ ಸಾಲದು, ಅದಕ್ಕೆ ಹಾಕುವ ದ್ರಾವಣ ಮತ್ತು ನಡೆಸುವ ಟೆಕ್ನಿಷಿಯನ್ ಕೂಡ ಬೇಕು. ವಯಸ್ಸಾದವರು ಇದ್ದಕ್ಕಿದ್ದಂತೆ ಗೊಂದಲದಲ್ಲಿ ಮಾತಾಡುತ್ತಾ ಬಂದರೆ ಸಕ್ಕರೆ ಮತ್ತು ಸೋಡಿಯಂ ತಕ್ಷಣ ನೋಡಬೇಕು ಅಂತ ಆದೇಶ ಮಾಡಿ. ಯಾರಿಗೇ ಬಾಟಲಿ ಹಾಕಿದರೂ ಯಾಕೆ ಹಾಕಿದೆವು ಅನ್ನುವುದು ಚೀಟಿಯಲ್ಲಿ ಇರಲಿ. ಮತ್ತೆ, ಕಲ್ಯಾಣ ಕರ್ನಾಟಕದ ಯಾವ ತಾಲೂಕಿನಲ್ಲಿ ಈ ಪರೀಕ್ಷೆ ರಾತ್ರಿ ಆಗುತ್ತದೆ, ಎಲ್ಲಿ ಆಗುವುದಿಲ್ಲ ಅನ್ನುವ ಪಟ್ಟಿಯನ್ನು ಬೇಸಿಗೆಗೆ ಮೊದಲೇ ಜನರ ಮುಂದಿಡಿ.