ಭುಜ ನೋವು ಬಂದರೆ ಹೆದರಬೇಡ ಅಕ್ಕ

ಮ್ಯಾಂಚೆಸ್ಟರ್
ನವೆಂಬರ್ 14

ಪ್ರೀತಿಯ ಅಕ್ಕ,

ಹಾಸನದಲ್ಲಿ ನಿನ್ನ ಗರ್ಭಕೋಶದ ಆಪರೇಷನ್‌ಗೆ ದಿನ ಗೊತ್ತಾಯಿತು ಅಂತ ಅಮ್ಮ ಹೇಳಿದಳು. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದ ಆಸ್ಪತ್ರೆಗೆ ಒಯ್ಯುವ ಚೀಲದಲ್ಲೇ ಇರಲಿ.

ಎರಡು ವರ್ಷದ ಹಿಂದೆ ಅಂಡಾಶಯದ ಗಡ್ಡೆ ತೆಗೆಸಿದೆನಲ್ಲ, ನಿನ್ನ ಹಾಗೆ ನನಗೂ ಲ್ಯಾಪರೋಸ್ಕೋಪಿಯೇ, ಅಂದರೆ ಸಣ್ಣ ತೂತುಗಳಲ್ಲಿ ಕ್ಯಾಮೆರಾ, ಸಲಕರಣೆ ತೂರಿಸಿ ಮಾಡುವ ಆಪರೇಷನ್. ಹೊಕ್ಕುಳಲ್ಲಿ ಒಂದು, ಕೆಳಗೆ ಎರಡು ತೂತು, ಒಂದೊಂದೂ ಬೆರಳುಗುರಿನಷ್ಟು. ಅವು ಅಷ್ಟೇನೂ ನೋಯಲಿಲ್ಲ. ಮಾರನೇ ದಿನ ಬಲಭುಜದ ತುದಿಯಲ್ಲಿ ಚುಚ್ಚಲು ಶುರುವಾಯಿತು ನೋಡು! ಉಸಿರೆಳೆದರೆ ಇನ್ನೂ ಜಾಸ್ತಿ. ಎದೆಗೇ ಏನೋ ಆಯಿತು ಅಂದುಕೊಂಡು ನಡುರಾತ್ರಿ ಒಬ್ಬಳೇ ಕೂತು ಅತ್ತೆ. ಹೀಗಾಗಬಹುದು ಅಂತ ಯಾರೂ ಒಂದು ಮಾತು ಹೇಳಿರಲಿಲ್ಲ. ನಿನಗೆ ಹಾಗಾಗಬಾರದು.

ಒಳಗೆ ಸರಿಯಾಗಿ ಕಾಣಲಿ ಅಂತ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಕೊನೆಗೆ ಹೊರಬಿಟ್ಟರೂ ಸ್ವಲ್ಪ ಉಳಿದುಬಿಡುತ್ತದೆ. ಅದು ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಣಕುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಭುಜದ ತುದಿಯ ನರವೂ ಅಲ್ಲಿಂದಲೇ. ಹಾಗಾಗಿ ನೋವು ಭುಜದಲ್ಲಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತದೆ.

ಆಪರೇಷನ್‌ಗೆ ಮೊದಲೇ ಡಾಕ್ಟರನ್ನೂ ಅರಿವಳಿಕೆ ಕೊಡುವವರನ್ನೂ ಕೇಳು: ಉಳಿದ ಗ್ಯಾಸ್ ತೆಗೆಯಲು ಏನು ಮಾಡುತ್ತೀರಿ? ಗ್ಯಾಸಿನ ಒತ್ತಡ ಆದಷ್ಟು ಕಡಿಮೆ ಇಡುವುದುಂಟು. ಕೊನೆಯಲ್ಲಿ ತಲೆ ತಗ್ಗಾಗಿಸಿ ಮಲಗಿಸಿ, ಶ್ವಾಸಕೋಶಕ್ಕೆ ಕೆಲವು ಸಲ ಜೋರಾಗಿ ಗಾಳಿ ತುಂಬಿ, ಗ್ಯಾಸನ್ನು ಹೊರದೂಡುವುದೂ ಉಂಟು. ಕೇಳಲು ಸಂಕೋಚ ಬೇಡ.

ಮಾತ್ರೆ ಹೊತ್ತಿಗೆ ಸರಿಯಾಗಿ ತಗೋ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಮೂರು ಹೆರಿಗೆ ಸಹಿಸಿದವಳು ನೀನು, ಇದನ್ನೂ ಹಲ್ಲು ಕಚ್ಚಿ ಸಹಿಸುತ್ತೀಯ ಅಂತ ಗೊತ್ತು. ಬೇಡ ಅಕ್ಕ. ನೋವಿದ್ದರೆ ಎದ್ದು ಓಡಾಡಲು, ಉದ್ದ ಉಸಿರೆಳೆಯಲು ಆಗುವುದಿಲ್ಲ, ಚೇತರಿಕೆ ಹಿಂದೆ ಬೀಳುತ್ತದೆ. ನಿನಗೆ ಹೊಟ್ಟೆಯಲ್ಲಿ ಉರಿ ಬರುತ್ತದಲ್ಲ, ಡಾಕ್ಟರು ಐಬುಪ್ರೊಫೆನ್ ಅನ್ನೋ ನೋವಿನ ಮಾತ್ರೆ ಬರೆಯುವ ಮೊದಲು ಅದನ್ನು ಹೇಳಲೇಬೇಕು. ಕೆಲವು ಗಟ್ಟಿ ನೋವಿನ ಮಾತ್ರೆಗಳಿಂದ ಮಲ ಕಟ್ಟುತ್ತದೆ, ಅದೂ ಬೇರೆ ನೋವು. ನೀರು, ಸೊಪ್ಪು, ಬಾಳೆಹಣ್ಣು ತಪ್ಪಿಸಬೇಡ.

ಅಮ್ಮ, ಇದು ನಿನಗೆ: ಅಕ್ಕನನ್ನು ಬಾಣಂತಿಯ ಹಾಗೆ ಮಲಗಿಸಿಬಿಡಬೇಡ. ಡಾಕ್ಟರು ಏಳಬಹುದು ಅಂದ ಕೂಡಲೇ ಎಬ್ಬಿಸಿ, ಜಗಲಿಯಿಂದ ಕಾಫಿ ಕಣದವರೆಗೆ ಮೆಲ್ಲಗೆ ನಡೆಸು. ಕಣ ನೋಡಿಕೊಂಡು ಬರಲಿ, ಅಷ್ಟೇ. ಕುಯ್ಲಿನ ಹೊತ್ತು ಅಂತ ಚೀಲ, ಬಿಂದಿಗೆ ಎತ್ತಿಸಬೇಡ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಲಿ. ನನಗೆ ಅದರಷ್ಟು ಉಪಕಾರ ಮಾಡಿದ್ದು ಬೇರೆ ಇಲ್ಲ. ಭುಜಕ್ಕೆ ಬಿಸಿನೀರಿನ ಚೀಲ ಇಡು, ಬಟ್ಟೆ ಸುತ್ತಿ.

ಇಷ್ಟಾದರೂ ಹೊಟ್ಟೆನೋವು ದಿನದಿಂದ ದಿನಕ್ಕೆ ಏರಿದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ರಕ್ತ ಜಾಸ್ತಿ ಹೋದರೆ, ಕಾಲಿನ ಮೀನಖಂಡ ಊದಿ ನೋಯತೊಡಗಿದರೆ, ಎದೆ ನೋವು, ಉಸಿರಾಟಕ್ಕೆ ತೊಂದರೆ ಆದರೆ, ಅದು ಗ್ಯಾಸ್ ಅಂತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ. ಮೂಡಿಗೆರೆಯಿಂದ ಹಾಸನ ದೂರ, ಭಾವನಿಗೆ ಕಾರಿಗೆ ಪೆಟ್ರೋಲ್ ತುಂಬಿಸಿಟ್ಟಿರಲು ಹೇಳು.

ವಾರ್ಡಿಗೆ ಬಂದ ಮೇಲೆ ಅಮ್ಮನ ಕೈಲಿ ಒಂದು ಫೋನ್ ಮಾಡಿಸು. ಇಲ್ಲಿ ಎಷ್ಟೇ ಹೊತ್ತಾಗಿರಲಿ, ಎದ್ದಿರುತ್ತೇನೆ.

ನಿನ್ನ ತಂಗಿ,
ಪುಟ್ಟಿ