ಇನ್ನೊಮ್ಮೆ ನೀಟ್ ಬರೆಯಬೇಕೇ ಎಂದು ಕೇಳಿದ ಗೆಳೆಯನಿಗೆ

ಮಂಗಳೂರು
ಅಕ್ಟೋಬರ್ 2025

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಹೂಂ ಎಂದೂ ಹೇಳಲಿಲ್ಲ, ಉಹೂಂ ಎಂದೂ ಹೇಳಲಿಲ್ಲ. ಪಡನ್ನಕ್ಕಾಡಿನ ಕೃಷಿ ಕಾಲೇಜಿನಲ್ಲಿ ಸಿಕ್ಕಿರುವ ಸೀಟಿಗೆ ಸೇರಬೇಕೇ, ಅದನ್ನು ಬಿಟ್ಟು ಮೂರನೆಯ ಸಲ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆಯಬೇಕೇ ಎಂಬುದು ಡ್ಯೂಟಿಯ ನಡುವೆ ಆಸ್ಪತ್ರೆಯ ವಾರ್ಡಿನ ಹೊರಗೆ ನಿಂತು ಐದು ನಿಮಿಷದಲ್ಲಿ ಮುಗಿಸುವ ಮಾತಲ್ಲ. ಆಮೇಲೆ ನೀನು ಕಳುಹಿಸಿದ ಒಎಂಆರ್ ಉತ್ತರ ಹಾಳೆಯ ಪ್ರತಿಯನ್ನೂ ಅಂತಿಮ ಉತ್ತರಸೂಚಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕುಳಿತೆ. ಅಂಕಗಳನ್ನು ಬರೆಯಲು ನೀನೇ ಒಪ್ಪಿರುವುದರಿಂದ ಮುಚ್ಚುಮರೆ ಮಾಡುವುದಿಲ್ಲ. ಹೆಸರು ಹಾಕುವುದಿಲ್ಲ, ಆದರೆ ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದವರೆಗೆ ಯಾರಿಗೂ ಅದು ಗುಟ್ಟಾಗಿ ಉಳಿಯಲಾರದು ಎಂಬುದು ನಿನಗೂ ಗೊತ್ತು.

ಮೊದಲು ನಿನ್ನ ಅಪ್ಪನ ಮಾತನ್ನೇ ತೆಗೆದುಕೊಳ್ಳುತ್ತೇನೆ. "ಪ್ಲಸ್ ಟು ಮುಗಿಸಿ ಬರೆದಾಗ 548 ಬಂತು. ಚಿನ್ನ ಅಡವಿಟ್ಟು ಒಂದು ವರ್ಷ ಹಾಸ್ಟೆಲಿನಲ್ಲಿ ಓದಿಸಿದ ಮೇಲೆ 457 ಬಂತು. ಇನ್ನೊಂದು ವರ್ಷ ಓದಿಸಿದರೆ ಎಷ್ಟಕ್ಕೆ ಇಳಿಯುತ್ತಾನೋ" ಎಂದು ಅವರು ಹೇಳಿದರಂತೆ. ಅಡಿಕೆ ಬೆಳೆಯುವವರ ಲೆಕ್ಕ ಅದು. ಹೋದ ವರ್ಷ ಎಷ್ಟು ಕ್ವಿಂಟಲ್, ಈ ವರ್ಷ ಎಷ್ಟು ಎಂದು ನೋಡಿ ತೋಟ ಹೇಗಿದೆಯೆಂದು ಹೇಳುತ್ತಾರೆ. ನೀಟ್ ಅಂಕಗಳನ್ನು ಹಾಗೆ ಓದಲು ಬರುವುದಿಲ್ಲ. 2024ರ ಪರೀಕ್ಷೆಯಲ್ಲಿ ಅಂಕಗಳೆಲ್ಲ ಉಬ್ಬಿದ್ದವು. ಜೂನ್ 4ರಂದು ಫಲಿತಾಂಶ ಬಂದಾಗ 67 ಮಂದಿಗೆ 720ಕ್ಕೆ 720. ಪ್ರಶ್ನೆಪತ್ರಿಕೆ ಸೋರಿಕೆಯ ಗಲಾಟೆ, ಕೃಪಾಂಕದ ಗಲಾಟೆ, ಸುಪ್ರೀಂ ಕೋರ್ಟ್, ಪರಿಷ್ಕೃತ ಪಟ್ಟಿ ಎಲ್ಲ ಮುಗಿದ ಮೇಲೂ 17 ಮಂದಿ ಪೂರ್ಣಾಂಕದಲ್ಲೇ ಉಳಿದರು. ಈ ವರ್ಷ ಇಡೀ ದೇಶದಲ್ಲಿ ಅತಿ ಹೆಚ್ಚು ಎಂದರೆ 686. ಐಚ್ಛಿಕ ಪ್ರಶ್ನೆಗಳನ್ನು ತೆಗೆದರು, 200 ನಿಮಿಷವಿದ್ದ ಸಮಯ 180ಕ್ಕೆ ಇಳಿಯಿತು, ಭೌತಶಾಸ್ತ್ರವಂತೂ ಒಳ್ಳೊಳ್ಳೆಯವರನ್ನು ಅಳಿಸಿತು. ಆದ್ದರಿಂದ ಎರಡು ವರ್ಷಗಳ ಅಂಕಗಳನ್ನು ಒಟ್ಟಿಗೆ ಇಟ್ಟು ನೋಡುವುದೇ ತಪ್ಪು. ನೋಡಬೇಕಾದದ್ದು ರ್‍ಯಾಂಕ್. ನಿನ್ನದು ಹೋದ ವರ್ಷಕ್ಕಿಂತ ಹತ್ತಾರು ಸಾವಿರ ಸ್ಥಾನ ಮುಂದಕ್ಕೆ ಬಂದಿದೆ. ಎರಡೂ ವರ್ಷದ ರ್‍ಯಾಂಕ್ ಕಾರ್ಡುಗಳನ್ನು ಅಪ್ಪನ ಎದುರಿಗೆ ಇಟ್ಟು ಆ ಸಾಲನ್ನು ಮಾತ್ರ ತೋರಿಸು. ಅವರು ಹಟಮಾರಿಯಲ್ಲ, ತೋರಿಸಿದವರಿಲ್ಲ ಅಷ್ಟೆ.

ಮುಂದೆ ಬಂದರೂ ಸಾಲಲಿಲ್ಲ ಎಂಬುದು ನಿಜ. ಎಲ್ಲಿ ಸಾಲಲಿಲ್ಲ ಎಂಬುದಕ್ಕೆ ನಿನ್ನ ಹಾಳೆಯಲ್ಲೇ ಉತ್ತರವಿದೆ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಜೀವಶಾಸ್ತ್ರದ 90ರಲ್ಲಿ 75 ಸರಿ, 12 ತಪ್ಪು, 3 ಖಾಲಿ, 288 ಅಂಕ. ರಸಾಯನಶಾಸ್ತ್ರದಲ್ಲಿ 107. ಭೌತಶಾಸ್ತ್ರದ 45ರಲ್ಲಿ 19 ಸರಿ, 14 ತಪ್ಪು, 12 ಖಾಲಿ, ಬಂದದ್ದು 62. ಜೀವಶಾಸ್ತ್ರದಲ್ಲಿ ಇನ್ನು ಎಷ್ಟು ತಿಕ್ಕಿದರೂ ಇಪ್ಪತ್ತು, ಮೂವತ್ತು ಹೆಚ್ಚಬಹುದು. ಭೌತಶಾಸ್ತ್ರದಲ್ಲಿ ನೂರಕ್ಕೂ ಹೆಚ್ಚು ಅಂಕ ಹೊರಗೆ ಬಿದ್ದಿದೆ.

ಆ 14 ತಪ್ಪುಗಳ ಪಕ್ಕದಲ್ಲಿ ನೀನು ಪೆನ್ಸಿಲಿನಲ್ಲಿ ಕಾರಣ ಬರೆದಿದ್ದೀಯಲ್ಲ, ಅದು ನನಗೆ ಬಹಳ ಹಿಡಿಸಿತು. ನಾಲ್ಕು ಪ್ರಶ್ನೆ ಸುಮ್ಮನೆ ಅಂದಾಜಿಗೆ ಗುರುತಿಸಿದ್ದು. ಅದಕ್ಕಾಗಿ ನಿನ್ನನ್ನು ನೀನು ಬೈದುಕೊಳ್ಳಬೇಡ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಗುರುತಿಸುತ್ತಾ ಹೋದರೆ ಸರಾಸರಿ ಒಂದು ಸರಿಯಾಗಿ ನಾಲ್ಕು ಅಂಕ ಬರುತ್ತದೆ, ಮೂರು ತಪ್ಪಾಗಿ ಮೂರು ಹೋಗುತ್ತದೆ, ನಷ್ಟವೇನಿಲ್ಲ. ನಾಲ್ಕು ಪ್ರಶ್ನೆ ನಿನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಉಳಿದ ಆರರ ಪಕ್ಕದಲ್ಲಿ ಬರೆದಿರುವುದು "ಲೆಕ್ಕ ಸರಿ, ಕೇಳಿದ್ದು ಬೇರೆ" ಎಂದು. ನಾನು ಅಲ್ಲಿಗೇ ಮತ್ತೆ ಮತ್ತೆ ಬಂದೆ. ತಪ್ಪು ಉತ್ತರವೊಂದು ಸರಿಯಾದರೆ ಸಿಗುವುದು ನಾಲ್ಕಲ್ಲ, ಐದು ಅಂಕ, ಏಕೆಂದರೆ ಕಳೆಯುತ್ತಿದ್ದ ಒಂದೂ ಉಳಿಯುತ್ತದೆ. ಆರು ಪ್ರಶ್ನೆಗೆ ಮೂವತ್ತು. ಹೊಸದಾಗಿ ಒಂದು ಸೂತ್ರವನ್ನೂ ಕಲಿಯದೆ ಮೂವತ್ತು ಅಂಕ! ಸೀಟಿನ ಅಂಚಿನಲ್ಲಿ ಇರುವವರಿಗೆ ಮೂವತ್ತು ಅಂಕವೆಂದರೆ ಎಷ್ಟು ಸಾವಿರ ರ್‍ಯಾಂಕ್ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಹೀಗೇಕೆ ಆಗುತ್ತದೆ? ಎಸ್ಸೆಸ್ಸೆಲ್ಸಿಯವರೆಗೆ ನಾವು ಕನ್ನಡ ಮಾಧ್ಯಮ. ಪ್ಲಸ್ ವನ್‌ಗೆ ಹೋದ ದಿನದಿಂದ ಪುಸ್ತಕ ಇಂಗ್ಲಿಷ್, ಮೇಷ್ಟರು ವಿವರಿಸುವುದು ಮಲಯಾಳದಲ್ಲಿ, ನಾವು ಮನಸ್ಸಿನಲ್ಲಿ ಯೋಚಿಸುವುದು ಕನ್ನಡದಲ್ಲಿ, ಮನೆಗೆ ಬಂದರೆ ನಿನಗೆ ತುಳು. ಸೂತ್ರ ಯಾವ ಭಾಷೆಯಲ್ಲಿದ್ದರೂ ಒಂದೇ. ಆದರೆ "ಈ ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ, ಇಂತಹದ್ದು ಬದಲಾಗದಿದ್ದರೆ" ಎಂದು ಎರಡೆರಡು ಷರತ್ತು ಹಾಕಿ ಸುತ್ತಿದ ಇಂಗ್ಲಿಷ್ ವಾಕ್ಯವನ್ನು ಒಂದು ನಿಮಿಷದಲ್ಲಿ ಬಿಡಿಸುವಾಗ ನಾವು ಎಡವುತ್ತೇವೆ. ಎರಡು ಸಲವೂ ನೀನು ಇಂಗ್ಲಿಷ್ ಪತ್ರಿಕೆಯಲ್ಲೇ ಬರೆದದ್ದು. ಕನ್ನಡದಲ್ಲಿಯೂ ನೀಟ್ ಇದೆಯಲ್ಲ ಎಂದು ಕೇಳುವ ಬೆಂಗಳೂರಿನ ನೆಂಟರಿಗೆ ಒಂದು ಸಂಗತಿ ಗೊತ್ತಿಲ್ಲ: ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕೇರಳದ ಕೇಂದ್ರ ಆರಿಸಿದರೆ ಇಂಗ್ಲಿಷ್, ಹಿಂದಿ, ಉರ್ದು, ಇಲ್ಲವೇ ಮಲಯಾಳ. ಕಾಸರಗೋಡಿನ ಕನ್ನಡ ಮಕ್ಕಳು ತಮ್ಮ ಭಾಷೆಯಲ್ಲಿ ಪ್ರಶ್ನೆ ಓದಬೇಕಾದರೆ ತಲಪಾಡಿಯ ಗಡಿ ದಾಟಬೇಕು. ನಮ್ಮ ಭಾಗದ ಎಷ್ಟೋ ವಿಷಯಗಳ ಹಾಗೆ ಇದನ್ನೂ ಯಾರೂ ನಮಗೆ ಕರೆದು ಹೇಳಲಿಲ್ಲ.

ದಾಟುವುದು ಕಷ್ಟವೇನಲ್ಲ. ಅರ್ಜಿಯಲ್ಲಿ ಪರೀಕ್ಷಾ ನಗರ ಮಂಗಳೂರು ಎಂದೂ ಮಾಧ್ಯಮ ಕನ್ನಡ ಎಂದೂ ಹಾಕಿದರಾಯಿತು. ಕೈಗೆ ಬರುವ ಪುಸ್ತಿಕೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುತ್ತವೆ. ಎರಡರ ನಡುವೆ ವ್ಯತ್ಯಾಸ ಬಂದರೆ ಇಂಗ್ಲಿಷಿನದ್ದೇ ಅಂತಿಮ, ಅದು ನೆನಪಿರಲಿ. ಪ್ಲಸ್ ಟು ಮಟ್ಟದ ಪಾರಿಭಾಷಿಕ ಪದಗಳು ಕನ್ನಡದಲ್ಲಿ ನಿನಗೆ ಹೊಸದಾಗಿ ಕಾಣಬಹುದು, ಅವನ್ನು ಇಂಗ್ಲಿಷಿನ ಕಡೆ ನೋಡು. ವಾಕ್ಯ ಏನು ಕೇಳುತ್ತಿದೆ ಎಂಬುದನ್ನು ಕನ್ನಡದ ಕಡೆ ನೋಡು. ಹಳೆಯ ಪತ್ರಿಕೆಗಳನ್ನು ಈಗಿನಿಂದಲೇ ಹೀಗೆ ಬಿಡಿಸಿ ರೂಢಿ ಮಾಡಿಕೊಳ್ಳದಿದ್ದರೆ ಪರೀಕ್ಷೆಯ ದಿನ ಎರಡು ಕಡೆ ಓದಿ ಸಮಯ ಹಾಳಾಗುತ್ತದೆ. ಹಿಂದಿನ ರಾತ್ರಿ ನನ್ನ ಕೋಣೆಯಲ್ಲಿ ಉಳಿದುಕೋ. ಮಧ್ಯಾಹ್ನ ಒಂದೂವರೆಗೆ ಗೇಟು ಹಾಕುತ್ತಾರೆ, ಆ ದಿನ ಬಸ್ಸನ್ನು ನಂಬುವುದು ಬೇಡ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ ನಿನಗೆ ಹೊಳೆದಿರಬೇಕು. ಬರೆ. ಆದರೆ ಮತ್ತೆ ಆ ಕೋಚಿಂಗ್ ಕೇಂದ್ರದ ರಿಪೀಟರ್ ಬ್ಯಾಚಿಗೆ ಹೋಗಬೇಡ. ಹೋದ ವರ್ಷ ನೀನಿದ್ದ ಜಾಗದ ಹೆಸರು ಎತ್ತುವುದಿಲ್ಲ. ಬೆಳಿಗ್ಗೆ ಐದಕ್ಕೆ ಗಂಟೆ, ಭಾನುವಾರ ಪರೀಕ್ಷೆ, ಸೋಮವಾರ ಗೋಡೆಯ ಮೇಲೆ ರ್‍ಯಾಂಕ್ ಪಟ್ಟಿ, ಪಟ್ಟಿಯಲ್ಲಿ ಕೆಳಗಿರುವವರಿಗೆ ಹಿಂದಿನ ಬೆಂಚು. ಅಲ್ಲಿ ಎಲ್ಲರಿಗೂ ಒಂದೇ ಅಳತೆಯ ಪಾಠ. ನಿನಗೆ ಜೀವಶಾಸ್ತ್ರ ಬಾಯಿಪಾಠವಿದ್ದರೂ ಕಪ್ಪೆಯಿಂದ ಮತ್ತೆ ಶುರು ಮಾಡುತ್ತಾರೆ. ನಿನಗೆ ಬೇಕಾಗಿರುವುದು ಭೌತಶಾಸ್ತ್ರದ ಒಂದು ವರ್ಷ. ಖಾಲಿ ಬಿಟ್ಟ 12 ಪ್ರಶ್ನೆಗಳಲ್ಲಿ ಹೆಚ್ಚಿನವು ವಿದ್ಯುತ್ ಮತ್ತು ಕಾಂತತ್ವದ ಪಾಠಗಳವು. ಆ ಪಾಠಗಳು ನಡೆದಾಗ ನೀನು ಜ್ವರ ಬಂದು ಮನೆಯಲ್ಲಿದ್ದೆ, ಆಮೇಲೆ ಅಲ್ಲಿ ಯಾರೂ ಹಿಂದಕ್ಕೆ ಹೋಗಲಿಲ್ಲ. ನೀರ್ಚಾಲಿನ ನಮ್ಮ ನಿವೃತ್ತ ಮಾಸ್ತರರು ಒಬ್ಬರಿಗೇ ಕುಳಿತು ಕನ್ನಡದಲ್ಲಿ ಹೇಳಿಕೊಡುತ್ತಾರೆ. ಅವರ ಬಳಿ ಓದು, ಆನ್‌ಲೈನ್ ಪರೀಕ್ಷೆಗಳ ಸರಣಿಯೊಂದನ್ನು ಕೊಂಡುಕೋ. ಅಮ್ಮನ ಬಳೆ ಬ್ಯಾಂಕಿನಿಂದ ಮನೆಗೆ ಬರಲಿ, ಈ ವರ್ಷ ಇನ್ನೊಂದು ಜೊತೆ ಹೋಗುವುದು ಬೇಡ.

ಮನೆಯಲ್ಲಿ ಓದುವುದು ಸುಲಭ ಎಂದು ನಾನು ಹೇಳುತ್ತಿಲ್ಲ. ಅಡಿಕೆ ಕೊಯ್ಲು ಶುರುವಾದರೆ ಅಂಗಳಕ್ಕೆ ಕರೆಯುತ್ತಾರೆ, ಮಳೆ ಬಂದರೆ ಅಡಿಕೆ ಒಳಗೆ ಹಾಕಲು ಕರೆಯುತ್ತಾರೆ, ಕೋಲ, ಪೂಜೆ, ಮದುವೆಗೆ ಬರಲಿಲ್ಲವೆಂದು ಮಾವ ಮುನಿಸಿಕೊಳ್ಳುತ್ತಾರೆ. ಬೆಳಿಗ್ಗೆ ಬಸ್ಸು ಹಿಡಿದು ಬದಿಯಡ್ಕದ ವಾಚನಾಲಯಕ್ಕೆ ಹೋಗಿಬಿಡು. ಕಣ್ಣೆದುರು ಇಲ್ಲದವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ.

ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನೀನು ಹೆಚ್ಚು ಹೊತ್ತು ಮಾತಾಡಿದ್ದೇ ಅದರ ಬಗ್ಗೆ. 2013ರ ನವೆಂಬರ್ 30ರಂದು ಅಲ್ಲಿ ಶಿಲಾನ್ಯಾಸ ಆದಾಗ ನಾವು ಪ್ರಾಥಮಿಕ ಶಾಲೆಯಲ್ಲಿದ್ದೆವು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿಕೊಂಡ ನಾಡಿಗೆ ಒಂದು ಸರಕಾರಿ ಮೆಡಿಕಲ್ ಕಾಲೇಜು ಕೊಡುತ್ತೇವೆ ಎಂದರು. ನಾವು ಪ್ಲಸ್ ಟು ಮುಗಿಸಿದರೂ ಅದು ಮುಗಿಯಲಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ ರೋಗಿಗಳ ಆಂಬುಲೆನ್ಸುಗಳು ಹಿಂದಿರುಗಿದ ದಿನಗಳಲ್ಲಿ ಆ ಕಟ್ಟಡಕ್ಕೆ ಅವಸರವಾಗಿ ಹಾಸಿಗೆ ಹಾಕಿ ಕೋವಿಡ್ ಆಸ್ಪತ್ರೆ ಮಾಡಿದರು. ನಿನ್ನ ಅಜ್ಜಿಯ ಡಯಾಲಿಸಿಸ್ ತಪ್ಪಿದ್ದು ಆ ದಿನಗಳಲ್ಲೇ, ನೀನು ಡಾಕ್ಟರಾಗುತ್ತೇನೆ ಎಂದದ್ದೂ ಆಗಲೇ. ಈಗ ಅಂತೂ ಇಂತೂ ಐವತ್ತು ಸೀಟಿನೊಂದಿಗೆ ಎಂಬಿಬಿಎಸ್ ಮಂಜೂರಾಗಿದೆ. ದಿನಾ ಬಸ್ಸಿನಿಂದ ನೋಡುವ ಕಟ್ಟಡದಲ್ಲಿ ಯಾರೋ ತಿರುವನಂತಪುರದವರು, ಕೋಟ್ಟಯಂನವರು ಓದಲು ಬರುತ್ತಾರೆ, ನಾನು ಹೊರಗೆ ನಿಂತಿರುತ್ತೇನೆ ಎಂದು ನೀನು ಹೇಳಿದೆ. ಆ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಅದನ್ನು ಲೆಕ್ಕಕ್ಕೆ ಸೇರಿಸಬೇಡ. ಐವತ್ತರಲ್ಲಿ ಶೇಕಡಾ 15, ಅಂದರೆ ಏಳೆಂಟು ಸೀಟು ಅಖಿಲ ಭಾರತ ಪಾಲಿಗೆ ಹೋಗುತ್ತದೆ, ಉಳಿದದ್ದು ಇಡೀ ಕೇರಳದ ರ್‍ಯಾಂಕ್ ಪಟ್ಟಿಗೆ. ಪಕ್ಕದ ಮನೆಯವನೆಂದು ನಿನಗೆ ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ. ಬರೆಯುವುದಾದರೆ ಪರಿಯಾರಂ ಸಿಕ್ಕರೂ, ಇಡುಕ್ಕಿ ಸಿಕ್ಕರೂ ಹೋಗುತ್ತೇನೆ ಎಂದು ಬರೆ.

ಅತ್ತ ಕರ್ನಾಟಕದ ಕಡೆಯ ಬಾಗಿಲನ್ನೂ ಒಮ್ಮೆ ತಟ್ಟಿ ನೋಡು. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ಓದಿದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಗಡಿನಾಡ ಕನ್ನಡಿಗರ ಕಲಮೊಂದಿದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಮಾಹಿತಿ ಪುಸ್ತಿಕೆ ಬಂದ ದಿನವೇ ಆ ಕಲಮನ್ನು ಒಂದಕ್ಷರ ಬಿಡದೆ ಓದಿ, ಬೇಕಾದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡು. ಗ್ರಾಮ ಕಚೇರಿಯ ಕೆಲಸ ನಮ್ಮ ಅವಸರಕ್ಕೆ ಆಗುವುದಲ್ಲ.

ಈಗ ಪಡನ್ನಕ್ಕಾಡು. ಕೃಷಿ ಪದವಿಗೆ ಸೇರಿಕೊಂಡೇ ನೀಟಿಗೂ ಓದು ಎಂದು ನಿನ್ನ ಭಾವ ಹೇಳಿದರಂತೆ. ಸೆಮಿಸ್ಟರ್, ಹಾಜರಾತಿ, ಬೆಳಗಿನ ಹೊಲದ ಕೆಲಸ ಇರುವ ಪದವಿ ಅದು. ಎರಡು ದೋಣಿಗೆ ಕಾಲಿಟ್ಟರೆ ಎರಡೂ ಕೈಬಿಡುತ್ತವೆ. ಸೇರುವುದಾದರೆ ಮನಸ್ಸಿಟ್ಟು ಸೇರು. ಅಡಿಕೆಯ ಹಳದಿ ರೋಗಕ್ಕೆ ಮದ್ದಿಲ್ಲದೆ ತೋಟಗಳು ಒಣಗುತ್ತಿರುವ ಊರಿನಲ್ಲಿ ಕೃಷಿ ಓದಿದವನಿಗೆ ಕೆಲಸ ಇಲ್ಲದೆ ಹೋಗುವುದಿಲ್ಲ. ಆ ಪದವಿ ಕಡಿಮೆಯದು ಎಂಬ ಕಾರಣಕ್ಕೆ ಬಿಡುವುದಾದರೆ ನನ್ನ ಬೆಂಬಲವಿಲ್ಲ. ನಾನು ನರ್ಸಿಂಗಿಗೆ ಸೇರಿದಾಗ "ಗಂಡು ಹುಡುಗ, ನರ್ಸಾ?" ಎಂದ ದೊಡ್ಡಮ್ಮ ಈಗ ಬಿ.ಪಿ. ನೋಡಿಸಿಕೊಳ್ಳಲು ನನ್ನನ್ನೇ ಕಾಯುತ್ತಾರೆ. ಆದರೆ ನೀನು ಬಿಡುತ್ತಿರುವುದು ಬೇರೆ ಕಾರಣಕ್ಕೆ. ಇದೇ ಮಟ್ಟದ ರ್‍ಯಾಂಕ್ ಮುಂದಿನ ವರ್ಷವೂ ಬಂದರೆ ಇಂತಹುದೇ ಸೀಟು ಮತ್ತೆ ಸಿಗುವ ಸಂಭವ ಹೆಚ್ಚು. ಹಾಗಾಗಿ ನೀನು ಪಣಕ್ಕಿಡುವುದು ಸೀಟನ್ನಲ್ಲ, ಒಂದು ವರ್ಷವನ್ನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆ ವರ್ಷವನ್ನು ಕೊಡಬಹುದು ಎಂದು ನನಗೆ ಅನಿಸುತ್ತದೆ. ಇಪ್ಪತ್ತೊಂದರಲ್ಲಿ ಕೇಳಿದ್ದರೆ ಬೇಡ ಎನ್ನುತ್ತಿದ್ದೆ.

ಏಕೆಂದರೆ ಈ ಪರೀಕ್ಷೆ ತಾನಾಗಿ ಯಾರನ್ನೂ ಸಾಕು ಎಂದು ಕಳುಹಿಸುವುದಿಲ್ಲ. ಇಷ್ಟೇ ಸಲ ಬರೆಯಬೇಕೆಂಬ ಮಿತಿಯಿಲ್ಲ, 2022ರಲ್ಲಿ ಗರಿಷ್ಠ ವಯಸ್ಸಿನ ಮಿತಿಯನ್ನೂ ತೆಗೆದರು. ನಮ್ಮ ಬ್ಯಾಚಿನಲ್ಲಿ ಐದನೆಯ ಸಲ ಬರೆಯುತ್ತಿದ್ದ ಅಣ್ಣ ನಿನಗೆ ನೆನಪಿರಬಹುದು. ಅವರ ಅಂಕ ಕೇಳಲು ಎಲ್ಲರೂ ಹೆದರುತ್ತಿದ್ದರು. ಎಂಬಿಬಿಎಸ್ ಆದರೋ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಅದರ ಮೇಲೆ ಪಿ.ಜಿ.ಗೆ ಮತ್ತೊಂದು ಪ್ರವೇಶ ಪರೀಕ್ಷೆ. ಮುಂದಿನ ಮೇ ತಿಂಗಳದ್ದೇ ಕೊನೆಯದು ಎಂದು ಅಪ್ಪನಿಗೂ ಅಮ್ಮನಿಗೂ ಈಗಲೇ ಹೇಳಿಬಿಡು. ನನಗೆ ಹೇಳಿದರೆ ಸಾಲದು, ನಾನು ಆಗ ಮತ್ತೆ ನಿನ್ನ ಪರವಾಗಿಯೇ ವಾದಿಸುತ್ತೇನೆ.

ಮಾಸ್ತರರಿಗೆ ನಿನ್ನೆ ಫೋನ್ ಮಾಡಿದ್ದೆ. ಬುಧವಾರ ಸಂಜೆ ಮನೆಯಲ್ಲಿರುತ್ತಾರಂತೆ. ಒಎಂಆರ್ ಪ್ರತಿ, ಪೆನ್ಸಿಲಿನಲ್ಲಿ ಬರೆದ ಆ ಪ್ರಶ್ನೆಪತ್ರಿಕೆ ಎರಡನ್ನೂ ತೆಗೆದುಕೊಂಡು ಹೋಗು. ಖಾಲಿ ಬಿಟ್ಟ ಪ್ರಶ್ನೆಗಳಲ್ಲಿ ಎರಡು ಮೂರನ್ನು ನಿನ್ನ ಎದುರಿಗೇ ಹಾಕಿ ನೋಡುತ್ತಾರೆ. ಒಂದು ವರ್ಷದಲ್ಲಿ ಇದು ಆಗುವ ಕೆಲಸವಲ್ಲ ಎಂದು ಅವರು ಹೇಳಿದರೆ ನನ್ನ ಪತ್ರವನ್ನು ಬದಿಗಿಟ್ಟು ಅವರ ಮಾತನ್ನೇ ಹಿಡಿ. ಭೌತಶಾಸ್ತ್ರದಲ್ಲಿ ನನ್ನ ಅಂಕ ಎಷ್ಟಿತ್ತೆಂದು ನಿನಗೆ ಗೊತ್ತೇ ಇದೆ. ಪಡನ್ನಕ್ಕಾಡಿನಲ್ಲಿ ಸೇರಲು ಶುಕ್ರವಾರ ಸಂಜೆಯವರೆಗೆ ಸಮಯವಿದೆಯಲ್ಲವೇ? ಹಾಗಿದ್ದರೆ ಗುರುವಾರ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡು, ಆ ದಿನ ನನಗೆ ಡ್ಯೂಟಿ ಇಲ್ಲ.

ನಿನ್ನ ಗೆಳೆಯ